ಮಗಳನ್ನು ಒಬ್ಬಳೇ ಅಂಗಡಿಗೆ ಕಳುಹಿಸುವ ಕ್ರಮ

ನನ್ನ ಮಗಳು ಐದನೇ ತರಗತಿ. ಹಾಲು, ಕೊತ್ತಂಬರಿ ಸೊಪ್ಪು ಅವಳೇ ತರುತ್ತಾಳೆ. ‘ಹೇಗೆ ಧೈರ್ಯ ಮಾಡುತ್ತೀರಿ?’ ಎಂದು ಬೀದಿಯವರು ಕೇಳುತ್ತಾರೆ. ಅವರಿಗೆಲ್ಲ ಮಕ್ಕಳ ಕಳ್ಳರ ಭಯ. 2018ರಲ್ಲಿ ವಾಟ್ಸಾಪ್‌ನ ಆ ವದಂತಿ ನಂಬಿ ಬೆಂಗಳೂರಿನಲ್ಲಿ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಮಂಡ್ಯದಲ್ಲಿ ನನಗಿರುವ ಭಯ ಬೇರೆ: ಕಬ್ಬಿನ ಟ್ರ್ಯಾಕ್ಟರ್ ಮತ್ತು ನಾಲೆ.

ಕಬ್ಬು ಅರೆಯುವ ಹಂಗಾಮಿನಲ್ಲಿ ಒಂದೊಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಕಟ್ಟಿರುತ್ತಾರೆ. ಜಲ್ಲೆ ಕೀಳಲು ಮಕ್ಕಳು ಹಿಂದೆ ಓಡುತ್ತಾರೆ. ಕಾಲು ಜಾರಿದರೆ ಚಾಲಕನಿಗೆ ಗೊತ್ತೇ ಆಗುವುದಿಲ್ಲ. ‘ನಾವೂ ಕಿತ್ತು ತಿಂದವರೇ’ ಎಂದು ನಮ್ಮ ಯಜಮಾನರು ನಗುತ್ತಾರೆ. ಅವರು ಕಿತ್ತಿದ್ದು ಎತ್ತಿನ ಗಾಡಿಯಿಂದ! ಬರೀ ಬೇಡ ಎಂದರೆ ಮಕ್ಕಳು ಕೇಳುವುದಿಲ್ಲ, ಮನೆಯಲ್ಲೇ ನಾಲ್ಕು ಜಲ್ಲೆ ತಂದಿಡಿ. ರಸ್ತೆ ದಾಟುವಾಗ ಕೊನೆಯ ಟ್ರೈಲರ್ ಹೋದ ಮೇಲೂ ಎರಡೂ ಕಡೆ ನೋಡಿಯೇ ಹೆಜ್ಜೆ ಇಡುವುದನ್ನು ಅಭ್ಯಾಸ ಮಾಡಿಸಿ.

ನಾಲೆಯ ವಿಷಯದಲ್ಲಿ ಚೌಕಾಸಿಯಿಲ್ಲ. ಕನ್ನಂಬಾಡಿಯಿಂದ ನೀರು ಬಿಟ್ಟರೆ ಮೊನ್ನೆ ಒಣಗಿದ್ದ ವಿಶ್ವೇಶ್ವರಯ್ಯ ನಾಲೆ ತುಂಬಿ ಹರಿಯುತ್ತದೆ. ಕಾಂಕ್ರೀಟ್ ಇಳಿಜಾರಿನ ಪಾಚಿಯ ಮೇಲೆ ಈಜು ಬಲ್ಲವರಿಗೂ ಹಿಡಿತ ಸಿಗುವುದಿಲ್ಲ. ಚೆಂಡು ಬಿದ್ದರೆ ಹೋಗಲಿ. ಯಾರಾದರೂ ಬಿದ್ದರೆ ಮಗು ನೀರಿಗಿಳಿಯದೆ ಕೂಗಿ ದೊಡ್ಡವರನ್ನು ಕರೆಯಬೇಕು. ದೊಡ್ಡವರು ಹಗ್ಗವನ್ನೋ ಸೀರೆಯನ್ನೋ ಎಸೆದು, 112ಕ್ಕೆ ಕರೆ ಮಾಡಬೇಕು.

ಇನ್ನು ದಾರಿ ಕಲಿಸುವುದು. ಮೊದಲು ಜೊತೆಯಲ್ಲಿ ನಡೆಯಿರಿ. ಆಮೇಲೆ ಮಗುವನ್ನು ಮುಂದೆ ಬಿಟ್ಟು, ಬಾಯಿ ಮುಚ್ಚಿಕೊಂಡು ಹಿಂದೆ ಹೋಗಿ. ಬಾಯಿ ಮುಚ್ಚುವುದೇ ಕಷ್ಟ. ತಾನೇ ನಿಂತು, ನೋಡಿ, ದಾಟಿದರೆ ಹಾಲಿನ ಬೂತಿನವರೆಗೆ ಒಬ್ಬಳೇ ಹೋಗಲಿ; ಅದು ಸಲೀಸಾದ ಮೇಲೆ ಪಕ್ಕದ ಬೀದಿ. ಕಾಲುದಾರಿ ಇಲ್ಲದ ಕಡೆ ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ ನಡೆಯಬೇಕು. ಹೂವಿನ ಅಕ್ಕ, ದಿನಸಿ ಅಂಗಡಿಯ ಅಣ್ಣ, ಇಸ್ತ್ರಿಯವರು: ಹೆದರಿಕೆಯಾದರೆ ಓಡಬೇಕಾದ ಜಾಗಗಳಿವು. ಅವರಿಗೂ ಮೊದಲೇ ಹೇಳಿಡಿ. ನಿಮ್ಮ ನಂಬರ್ ಮತ್ತು ಮಕ್ಕಳ ಸಹಾಯವಾಣಿ 1098 ಬಾಯಿಪಾಠವಾಗಿರಲಿ. ಇಡ್ಲಿ ತಿನ್ನುವಾಗ ಥಟ್ಟನೆ ಕೇಳಿ ನೋಡಿ.

ನಾಯಿ ಬೊಗಳಿದರೆ ಓಡಬಾರದು, ಅದರ ಕಣ್ಣು ದಿಟ್ಟಿಸಬಾರದು. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೈಗುಳಕ್ಕೆ ಹೆದರಿ ಮಕ್ಕಳು ಇದನ್ನು ಮುಚ್ಚಿಡುತ್ತಾರೆ. ಆದ್ದರಿಂದ ಬೈಯುವುದಿಲ್ಲವೆಂದು ಮೊದಲೇ ಮಾತು ಕೊಡಿ.

‘ಅಮ್ಮ ಕರೆಯುತ್ತಿದ್ದಾರೆ, ಬಾ’ ಎನ್ನುವವರು ಪರಿಚಯದವರೇ ಆದರೂ ಮನೆಯ ಗುಟ್ಟಿನ ಮಾತು ಹೇಳದಿದ್ದರೆ ಜೊತೆಗೆ ಹೋಗಕೂಡದು. ನಮ್ಮದು ಒಂದು ತಿಂಡಿಯ ಹೆಸರು. ಯಾವುದೆಂದು ಇಲ್ಲಿ ಬರೆಯುವುದಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಹತ್ತು ನಿಮಿಷ ತಡವಾದರೆ ಬೀದಿಯನ್ನೆಲ್ಲ ಎಬ್ಬಿಸಬೇಡಿ, ಮೊದಲು ಪಾನಿಪುರಿ ಗಾಡಿಯ ಹತ್ತಿರ ನೋಡಿ.