ಕೇದಾರಕ್ಕೆ ಹೋದವರು ಚಂದ್ರಶಿಲಾ ಏರುವುದು ಹೇಗೆ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಕೇದಾರ ಯಾತ್ರೆಗೆ ಹೋಗುವವರು, ವೀರಶೈವ ಪಂಚಪೀಠಗಳಲ್ಲೊಂದಾದ ಕೇದಾರ ಪೀಠ ಇರುವ ಉತ್ತರಾಖಂಡದ ಊಖಿಮಠದಲ್ಲಿ ಒಂದು ರಾತ್ರಿ ತಂಗುವುದುಂಟು. ಅಲ್ಲಿಂದ ಚೋಪ್ತಾ ಸುಮಾರು 30 ಕಿ.ಮೀ. ಚೋಪ್ತಾದಿಂದ ತುಂಗನಾಥ ಶಿವಗುಡಿ ದಾಟಿ ಚಂದ್ರಶಿಲಾ ಬೆಟ್ಟದ ತುದಿಗೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಹಗ್ಗ, ಹಿಮಗೊಡಲಿ ಏನೂ ಬೇಡ. ಗುಡಿಯವರೆಗೆ ಕಲ್ಲುಹಾಸಿನ ದಾರಿ, ಆಮೇಲೆ ಕಡಿದಾದ ಕಾಲುದಾರಿ, ಒಟ್ಟು ಸುಮಾರು ಐದು ಕಿ.ಮೀ. ಆದರೆ ಅಷ್ಟರಲ್ಲೇ ಹತ್ತಿರ ಹತ್ತಿರ 1,000 ಮೀಟರ್ ಏರಬೇಕು. ತುದಿ 12,000 ಅಡಿಗೂ ಎತ್ತರ. ಹುಬ್ಬಳ್ಳಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಹತ್ತಕ್ಕೆ ಏಳು ಪಾಲು ಮಾತ್ರ ಅಲ್ಲಿ ಸಿಗುತ್ತದೆ.

ಮೇ ಮಧ್ಯದಿಂದ ಜೂನ್ ಮೊದಲ ವಾರ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ಎರಡರಲ್ಲಿ ಅಕ್ಟೋಬರ್ ಮೇಲು: ಆಕಾಶ ತಿಳಿಯಾಗಿ ಚೌಖಂಬಾ, ನಂದಾದೇವಿ ಹಿಮಶಿಖರಗಳು ಸ್ಪಷ್ಟ ಕಾಣುತ್ತವೆ. ಜುಲೈ, ಆಗಸ್ಟ್ ಬೇಡವೇ ಬೇಡ, ಗುಡ್ಡ ಕುಸಿಯುವ ಕಾಲ. ಚಳಿಗಾಲದಲ್ಲಿ ತುಂಗನಾಥ ಗುಡಿ ಮುಚ್ಚಿ ದೇವರು ಕೆಳಗಿನ ಮಕ್ಕುಮಠ ಊರಿಗೆ ಇಳಿದಿರುತ್ತಾನೆ. ಆಗ ಮೇಲಿನ ಕಡಿದಾದ ಭಾಗ ಹಿಮಗಟ್ಟಿ ಜಾರುತ್ತದೆ. ಶೂಗೆ ಕಟ್ಟುವ ಮೊಳೆಪಟ್ಟಿ, ಊರಿನ ಮಾರ್ಗದರ್ಶಿ ಇಲ್ಲದೆ ಹೋಗಬಾರದು.

ಮೊದಲು ಕೇದಾರ, ಆಮೇಲೆ ಚಂದ್ರಶಿಲಾ. ಕೇದಾರನಾಥ 3,583 ಮೀಟರ್ ಎತ್ತರದಲ್ಲಿದೆ. ನಡೆದು ಹತ್ತಿ ಅಲ್ಲೊಂದು ರಾತ್ರಿ ಇದ್ದು ಬಂದವರ ದೇಹ ತೆಳು ಗಾಳಿಗೆ ತಕ್ಕಮಟ್ಟಿಗೆ ಒಗ್ಗಿರುತ್ತದೆ. ಹೆಲಿಕಾಪ್ಟರ್‌ನಲ್ಲಿ ಹೋಗಿ ಗಂಟೆಯೊಳಗೆ ಇಳಿದವರಿಗೆ ಆ ಲಾಭ ಇಲ್ಲ. ಅವರೂ, ರಿಷಿಕೇಶದಿಂದ ನೇರ ಚೋಪ್ತಾಕ್ಕೆ ಬರುವವರೂ ಸುಮಾರು 2,700 ಮೀಟರ್ ಎತ್ತರದ ಚೋಪ್ತಾದಲ್ಲಿ ಎರಡು ರಾತ್ರಿ ಕಳೆದರೆ ಒಳ್ಳೆಯದು. ದಿನವಿಡೀ ಘಾಟಿ ರಸ್ತೆಯಲ್ಲಿ ವಾಂತಿ ಮಾಡಿಕೊಂಡು ಬಂದು, ನೀರೂ ಕುಡಿಯದೆ, ಮರುದಿನ ನಸುಕಿನಲ್ಲೇ ಹತ್ತಲು ಹೊರಟವರಿಗೇ ತುಂಗನಾಥದ ಹೊತ್ತಿಗೆ ತಲೆ ಸಿಡಿಯತೊಡಗುವುದು. ಎತ್ತರದ ತೊಂದರೆಗೆ ಗುಳಿಗೆ ಬೇಕೇ ಎಂಬುದನ್ನು ಊರಲ್ಲೇ ವೈದ್ಯರನ್ನು ಕೇಳಿಕೊಂಡು ಹೋಗಿ. ಹೃದಯ, ಬಿಪಿ, ಆಸ್ತಮಾ ತೊಂದರೆ ಇದ್ದವರು ಕೇಳದೆ ಹೊರಡಲೇಬಾರದು. ಬೇಕಾದ ನಗದನ್ನು ಊಖಿಮಠದಲ್ಲೇ ತೆಗೆದಿಟ್ಟುಕೊಳ್ಳಿ.

ಇನ್ನು ಗಡಿಯಾರದ ಲೆಕ್ಕ. ಇದನ್ನು ಹಿಂದಿನಿಂದ ಹಾಕಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಮೇಲೇಳುತ್ತದೆ, ಆಮೇಲೆ ಆಲಿಕಲ್ಲು, ಸಿಡಿಲು. ತುದಿ ಪೂರ್ತಿ ಬಯಲು, ಮರೆಗೆ ಒಂದು ಮರವೂ ಇಲ್ಲ. ಅಂದಮೇಲೆ 11 ಗಂಟೆಗೆ ಮರಳಿ ತುಂಗನಾಥದಲ್ಲಿ ಇರಬೇಕು. ಅದಕ್ಕೆ 10ಕ್ಕೆ ತುದಿ ಬಿಡಬೇಕು, 9.30ಕ್ಕೆ ತಲುಪಿರಬೇಕು. ಗುಡಿಯಿಂದ ತುದಿಗೆ ಒಂದೂಕಾಲು ಗಂಟೆ, ಗುಡಿಯ ಬಳಿ ಅರ್ಧ ಗಂಟೆ ವಿಶ್ರಾಂತಿ, ಚೋಪ್ತಾದಿಂದ ಗುಡಿಗೆ ಎರಡೂಮುಕ್ಕಾಲು ಗಂಟೆ. ಅಲ್ಲಿಗೆ ಹೊರಡುವುದು ಬೆಳಗಿನ 5ಕ್ಕೆ. ಅಕ್ಟೋಬರ್‌ನಲ್ಲಿ ಬೆಳಕು ತಡವಾದ್ದರಿಂದ ತಲೆಗೆ ಕಟ್ಟುವ ಟಾರ್ಚ್ ಬೇಕು. ಸೂರ್ಯೋದಯ ನೋಡಲೆಂದು ನಡುರಾತ್ರಿ ಹೊರಡುವವರಿದ್ದಾರೆ. ಮೊದಲ ಸಲಕ್ಕೆ ಆ ಹಟ ಬೇಡ, ಕತ್ತಲಲ್ಲಿ ಬೇಗ ಮುಟ್ಟಿ, ಬೆವೆತ ಮೈಯಲ್ಲಿ ಗಾಳಿಗೆ ನಡುಗುತ್ತ ಕಾಯುವುದೇ ಆಗುತ್ತದೆ. 10 ಗಂಟೆ ಆದರೆ ಎಲ್ಲಿದ್ದರೂ ತಿರುಗುವುದು ಎಂದು ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿಕೊಂಡಿರಿ. ತುದಿ ಕಣ್ಣೆದುರು ಇದ್ದಾಗ ಆ ಮಾತು ಯಾರೂ ಕೇಳುವುದಿಲ್ಲ.

ತಯಾರಿ ಆರು ವಾರ ಮೊದಲು ಶುರುವಾಗಲಿ. 15 ಸೆಂ.ಮೀ. ಎತ್ತರದ ಮೆಟ್ಟಿಲು ಹಿಡಿದರೆ 1,000 ಮೀಟರ್ ಅಂದರೆ ಸುಮಾರು 6,700 ಮೆಟ್ಟಿಲು. ಮೊದಲ ವಾರ ದಿನಕ್ಕೆ 500 ಹತ್ತಿ, ಕೊನೆಗೆ ವಾರದಲ್ಲಿ ಎರಡು ದಿನ 2,500ರವರೆಗೆ ಮುಟ್ಟಿ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇದೆ, ಗದಗಿನವರಿಗೆ ಕಪ್ಪತಗುಡ್ಡ. ಕಪ್ಪತಗುಡ್ಡ ವನ್ಯಜೀವಿಧಾಮ, ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ. ಲಿಫ್ಟ್‌ನಲ್ಲಿ ಇಳಿಯಬೇಡಿ. ತೊಡೆ ಗಟ್ಟಿಯಾಗುವುದು ಇಳಿಯುವಾಗಲೇ, ಯಾತ್ರೆಯಲ್ಲಿ ಮೊಣಕಾಲು ಕೈಕೊಡುವುದೂ ಇಳಿಯುವಾಗಲೇ. ಹೊಸ ಶೂ ತೊಟ್ಟು ಊರಲ್ಲೇ 40 ಕಿ.ಮೀ. ನಡೆದಿರಿ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ ಕೊಳ್ಳಿ, ಬೆರಳ ತುದಿಗೆ ಜಾಗ ಇರದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ.

ಚೀಲ ಐದು ಕಿಲೋ ಮೀರದಿರಲಿ: ಎರಡು ಲೀಟರ್ ನೀರು, ಮಳೆ ಅಂಗಿ, ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಕೈಗವಸು, ಟೊಪ್ಪಿಗೆ, ಕಪ್ಪು ಕನ್ನಡಕ, ಟಾರ್ಚ್. ಮೈಗೆ ತಾಗುವ ಅಂಗಿ ಹತ್ತಿಯದ್ದು ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ತಣ್ಣಗಾಗಿಸುತ್ತದೆ. ಮೇಡ್ಲೇರಿ ಕಂಬಳಿ ತಂದಿದ್ದರೆ ಅದು ಚೋಪ್ತಾದ ಕೋಣೆಯಲ್ಲೇ ಇರಲಿ. ತಿನ್ನಲು ಶೇಂಗಾ ಹೋಳಿಗೆ, ಅಂಟಿನ ಉಂಡೆಗಿಂತ ಒಳ್ಳೆಯದು ಪೇಟೆಯಲ್ಲಿ ಸಿಗುವುದಿಲ್ಲ. ಖಡಕ್ ರೊಟ್ಟಿ ಗಂಟಲು ಒಣಗಿಸುತ್ತದೆ, ಮೇಲೆ ಹಸಿವೂ ಕಡಿಮೆ. ಹಸಿವಾಗಲಿ ಬಿಡಲಿ, ಗಂಟೆಗೊಮ್ಮೆ ಎರಡು ತುತ್ತು ತಿನ್ನಿ.

ಏರುವಾಗ ಪಕ್ಕದವರ ಜೊತೆ ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ ನಿಮ್ಮ ವೇಗ ಹೆಚ್ಚಾಯಿತು ಎಂದರ್ಥ. ತಿರುವು ತಪ್ಪಿಸಿ ಹುಲ್ಲುಗಾವಲಿನಲ್ಲಿ ಅಡ್ಡದಾರಿ ಹಿಡಿಯಬೇಡಿ, ಆ ತೆಳು ಮಣ್ಣು ಒಮ್ಮೆ ಕಿತ್ತರೆ ಮಳೆಗೆ ಕೊರೆದು ಹೋಗುತ್ತದೆ. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ, ಕಡಿಮೆಯಾಗದಿದ್ದರೆ ಇಳಿಯಿರಿ. ಹೆಜ್ಜೆ ತಡವರಿಸಿದರೆ, ಮಾತು ತೊದಲಿದರೆ, ಕೂತಲ್ಲೂ ಏದುಸಿರು ಬಂದರೆ ಕಾಯುವಂತಿಲ್ಲ. ಕೂಡಲೇ ಇಳಿಸಿ ಆಸ್ಪತ್ರೆಗೆ ಸೇರಿಸಬೇಕು. ಅಂಥವರನ್ನು ಒಬ್ಬರನ್ನೇ ಕೆಳಗೆ ಕಳಿಸಬೇಡಿ.

ಮಧ್ಯಾಹ್ನ 1ರ ಸುಮಾರಿಗೆ ಚೋಪ್ತಾ ಮುಟ್ಟುತ್ತೀರಿ. ಅಂದೇ ಸಂಜೆ ರಿಷಿಕೇಶಕ್ಕೆ ಹೊರಡುವ ಲೆಕ್ಕ ಬೇಡ, 200 ಕಿ.ಮೀ. ಘಾಟಿ ರಸ್ತೆಗೆ ಏಳೆಂಟು ಗಂಟೆ ಬೇಕು. ಊರಿಗೆ ಮರಳುವ ರೈಲಿನ ಟಿಕೆಟ್ ಮಾಡಿಸುವಾಗ ಒಂದು ದಿನ ಖಾಲಿ ಬಿಟ್ಟಿರಿ. ರುದ್ರಪ್ರಯಾಗದ ಆಚೀಚೆ ಗುಡ್ಡ ಕುಸಿದರೆ ರಸ್ತೆ ತೆರವಾಗಲು ಗಂಟೆಗಟ್ಟಲೆ ಹಿಡಿಯುತ್ತದೆ.