ವಿಲ್, ಶಲ್, ಮೇ: ನಾಳೆಯ ಮಾತಿಗೆ ಯಾವುದು ಸರಿ?

ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಕೋಲಾರದ ಹುಡುಗ ಹುಡುಗಿಯರಿಗೆ ಇಂಟರ್‌ವ್ಯೂ ಹೊಸದೇನಲ್ಲ. ಅಲ್ಲಿ ಕೇಳುವ ಒಂದು ಪ್ರಶ್ನೆ ತುಂಬ ಸುಲಭದ್ದು: 'ವೆನ್ ಕ್ಯಾನ್ ಯೂ ಜಾಯಿನ್?' ಉತ್ತರವೂ ಗೊತ್ತಿರುತ್ತದೆ, ಸೋಮವಾರ. ಆದರೆ ಅದನ್ನು ಹೇಗೆ ಹೇಳುವುದು? 'ಐ ವಿಲ್ ಜಾಯಿನ್ ಆನ್ ಮಂಡೇ' ಅಂದರೆ ಬರುತ್ತೇನೆ, ಮಾತು ಮುಗಿಯಿತು. 'ಐ ಮೇ ಜಾಯಿನ್' ಅಂದರೆ ಬಂದರೂ ಬಂದೆ, ಇಲ್ಲದಿದ್ದರೆ ಇಲ್ಲ. 'ಐ ವುಡ್ ಜಾಯಿನ್' ಅಂದರೆ ಬರುತ್ತಿದ್ದೆ, ಆದರೆ ಏನೋ ಅಡ್ಡಿಯಿದೆ ಅಂತ ಕೇಳಿಸುತ್ತದೆ. ವುಡ್ ಹಾಕಿದರೆ ಮರ್ಯಾದೆ ಜಾಸ್ತಿ ಅಂತ ತುಂಬಾ ಜನ ಅದನ್ನೇ ಬಳಸುತ್ತಾರೆ. ಮರ್ಯಾದೆ ಇರುವುದು 'ಐ ವುಡ್ ಲೈಕ್ ಟು ಜಾಯಿನ್' ಅನ್ನುವಾಗ. ಒಂಟಿ ವುಡ್‌ನಿಂದ ಅನುಮಾನ ಹುಟ್ಟುತ್ತದೆ ಅಷ್ಟೆ.

ಈ ಸಹಾಯಕ ಕ್ರಿಯಾಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ಮಾತಾಡುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾವಾಗ ತೀರ್ಮಾನ ಮಾಡಿದೆ? ಎಷ್ಟು ಖಾತ್ರಿ ಇದೆ?

ಮೊದಲು, ತೀರ್ಮಾನ ಯಾವಾಗ ಆಯಿತು ನೋಡಿ

ಅಮ್ಮ ಈಗಷ್ಟೇ ಹಾಲು ಮುಗಿದಿದೆ ಅಂದರು, ನೀವು ತರುತ್ತೇನೆ ಅಂದಿರಿ. ಆ ಕ್ಷಣದ ತೀರ್ಮಾನ. ಇದಕ್ಕೆ ವಿಲ್: 'ಐ ವಿಲ್ ಗೆಟ್ ಸಮ್.' ಹೋದ ತಿಂಗಳೇ ಪಿಯುಸಿ ಆದ ಮೇಲೆ ಡಿಪ್ಲೊಮಾ ಅಂತ ಮನಸ್ಸು ಮಾಡಿದ್ದೀರಿ. ಇದಕ್ಕೆ ಗೋಯಿಂಗ್ ಟು: 'ಐ ಆಮ್ ಗೋಯಿಂಗ್ ಟು ಡೂ ಎ ಡಿಪ್ಲೊಮಾ.' ಇನ್ನೊಬ್ಬರ ಜೊತೆ ಮಾತಾಗಿ ದಿನವೂ ಗೊತ್ತಾಗಿದ್ದರೆ ವಿಲ್, ಗೋಯಿಂಗ್ ಟು ಎರಡೂ ಬೇಡ, 'ಐ ಆಮ್ ಮೀಟಿಂಗ್ ದ ಮ್ಯಾನೇಜರ್ ಆನ್ ಮಂಡೇ' ಸಾಕು. ಬಸ್ಸು ರೈಲಿನ ವೇಳಾಪಟ್ಟಿಗೆ ಇನ್ನೂ ಸರಳ: 'ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್.'

ಕನ್ನಡದಲ್ಲಿ ಈ ಎಲ್ಲಕ್ಕೂ 'ತರ್ತೀನಿ, ಮಾಡ್ತೀನಿ, ಹೊರಡುತ್ತೆ' ಅನ್ನುವ ಒಂದೇ ರೂಪ ಸಾಕಾಗುತ್ತದೆ. ಅದಕ್ಕೇ ನಮಗೆ ಎಲ್ಲ ಕಡೆ ವಿಲ್ ಬಂದುಬಿಡುತ್ತದೆ. ಅದು ದೊಡ್ಡ ತಪ್ಪಲ್ಲ, ಅರ್ಥವಂತೂ ಆಗುತ್ತದೆ. ಆದರೆ ತಿಂಗಳುಗಟ್ಟಲೆ ಯೋಚಿಸಿದ್ದನ್ನು ವಿಲ್‌ನಲ್ಲಿ ಹೇಳಿದರೆ, ಸುಮ್ನೆ ಆಗಷ್ಟೇ ಹೊಳೆದದ್ದು ಅನ್ನಿಸಬಹುದು.

ಮಳೆಯ ಮಾತಿಗೂ ಇದೇ ಲೆಕ್ಕ. ಅಂತರಗಂಗೆ ಬೆಟ್ಟದ ಮೇಲೆ ಮೋಡ ಕವಿದು ಕಣ್ಣಿಗೆ ಕಾಣುತ್ತಿದ್ದರೆ 'ಇಟ್ ಈಸ್ ಗೋಯಿಂಗ್ ಟು ರೇನ್'. ಬರೀ ನಿಮ್ಮ ಅಭಿಪ್ರಾಯವಾದರೆ 'ಐ ಥಿಂಕ್ ಇಟ್ ವಿಲ್ ರೇನ್'.

ಆಮೇಲೆ, ಎಷ್ಟು ಖಾತ್ರಿ ಅಂತ ಅಳೆಯಿರಿ

ಇದಕ್ಕೆ ಟೊಮೆಟೊ ಮಾರುಕಟ್ಟೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ.ಯ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ರಸ್ತೆಗೆ ಸುರಿದು ಹೋಗುವ ದಿನಗಳನ್ನೂ ಇದೇ ರೈತರು ಕಂಡಿದ್ದಾರೆ. ನಾಳೆಯ ರೇಟಿನ ಬಗ್ಗೆ 'ದ ಪ್ರೈಸ್ ವಿಲ್ ಗೋ ಅಪ್' ಅನ್ನುವವನು ಏರೇ ಏರುತ್ತದೆ ಅನ್ನುತ್ತಿದ್ದಾನೆ. 'ಮೇ ಗೋ ಅಪ್' ಅಂದರೆ ಏರಬಹುದು. 'ಮೈಟ್ ಗೋ ಅಪ್' ಅಂದರೂ ಹೆಚ್ಚುಕಮ್ಮಿ ಅದೇ, ಭರವಸೆ ಒಂದು ಕೂದಲಷ್ಟು ಕಡಿಮೆ. ಮೇ, ಮೈಟ್ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಇಂಗ್ಲಿಷ್‌ನವರೇ ಈಗ ಅಷ್ಟಾಗಿ ನೋಡುವುದಿಲ್ಲ. ಹೈಸ್ಕೂಲಿನಲ್ಲಿ ಸಂಭಾವನಾರ್ಥಕ ಅಂತ ಕಲಿತದ್ದು ನೆನಪಿದೆ ಅಲ್ವಾ? ಏರೀತು, ಬಿದ್ದೀತು, ಬಂದಾನು. ಮನಸ್ಸಿನಲ್ಲಿ ಅಂಥ ರೂಪ ಮೂಡಿದರೆ ಮೇ ಅಥವಾ ಮೈಟ್ ಹಾಕಿ.

ಎಡವುವ ಜಾಗ ಬೇರೆ ಇದೆ. ನಮ್ಮ 'ಬಹುದು' ಎರಡು ಕೆಲಸ ಮಾಡುತ್ತದೆ. 'ನೀನು ಹೋಗಬಹುದು' ಅಂದರೆ ಅಪ್ಪಣೆ, 'ಮಳೆ ಬರಬಹುದು' ಅಂದರೆ ಊಹೆ. ಅಪ್ಪಣೆಗೆ ಕ್ಯಾನ್ ಕಲಿತವರು ಊಹೆಗೂ ಅದನ್ನೇ ಹಾಕಿ 'ಇಟ್ ಕ್ಯಾನ್ ರೇನ್ ಟುಮಾರೋ' ಅನ್ನುತ್ತಾರೆ. ನಾಳೆಯ ಊಹೆಗೆ ಕ್ಯಾನ್ ಬೇಡ.

ಇನ್ನೊಂದು, 'ವೆನ್ ಐ ವಿಲ್ ರೀಚ್, ಐ ವಿಲ್ ಕಾಲ್' ಅನ್ನಬೇಡಿ. 'ತಲುಪಿದ ಮೇಲೆ ಫೋನ್ ಮಾಡ್ತೀನಿ' ಅಂತ ಕನ್ನಡದಲ್ಲಿ ಹೇಳುವಾಗ ನಾಳೆಯ ಮಾತು ಕೊನೆಯಲ್ಲಿ ಒಂದೇ ಸಲ ಬರುತ್ತದೆ. ಇಂಗ್ಲಿಷ್‌ನಲ್ಲೂ ಹಾಗೇ: 'ವೆನ್ ಐ ರೀಚ್, ಐ ವಿಲ್ ಕಾಲ್.' ಇಫ್ ಇದ್ದರೂ ಇದೇ ನಿಯಮ.

ಶಲ್ ಎಲ್ಲಿ?

ಐ ಮತ್ತು ವೀ ಜೊತೆ ಶಲ್, ಉಳಿದವರಿಗೆಲ್ಲ ವಿಲ್ ಅಂತ ಹಳೆಯ ಮೇಷ್ಟ್ರುಗಳು ಕಲಿಸಿದ್ದಾರೆ. ಈ ನಿಯಮವನ್ನು 1653ರಲ್ಲೇ ಬರೆದಿಟ್ಟವರು ಇಂಗ್ಲೆಂಡಿನ ಜಾನ್ ವಾಲಿಸ್, ಅನಂತಕ್ಕೆ ಮಲಗಿದ ಎಂಟರಂಥ ಗುರುತು ಕೊಟ್ಟ ಗಣಿತಜ್ಞ. ಇಂದಿನ ಮಾತಿನಲ್ಲಿ ಅದು ಬಹುಮಟ್ಟಿಗೆ ಸವೆದುಹೋಗಿದೆ. 'ಐ ಶಲ್ ಕಮ್' ತಪ್ಪಲ್ಲ, ಸ್ವಲ್ಪ ಬಿಗಿಯಾಗಿ ಕೇಳಿಸುತ್ತದೆ. ನೀವು ಧಾರಾಳವಾಗಿ 'ಐ ವಿಲ್' ಅನ್ನಿ.

ಮಾತಿನಲ್ಲಿ ಶಲ್ ಗಟ್ಟಿಯಾಗಿ ಉಳಿದಿರುವುದು ಪ್ರಶ್ನೆಯಲ್ಲಿ. 'ಲೋಡ್ ಕಳಿಸ್ಲಾ?' ಅನ್ನಲು 'ಶಲ್ ಐ ಸೆಂಡ್ ದ ಲೋಡ್?' 'ಹೋಗೋಣ್ವಾ?' ಅನ್ನಲು 'ಶಲ್ ವೀ ಗೋ?' ಇಲ್ಲಿ ವಿಲ್ ಹಾಕಿದರೆ ಅರ್ಥವೇ ಬದಲಾಗುತ್ತದೆ. 'ವಿಲ್ ಐ ಸೆಂಡ್ ದ ಲೋಡ್?' ಅಂದರೆ, ನಾನು ಕಳಿಸುತ್ತೇನಾ ಇಲ್ಲವಾ ಅಂತ ನಿಮ್ಮನ್ನೇ ಭವಿಷ್ಯ ಕೇಳಿದ ಹಾಗೆ.

ಕಾಗದಪತ್ರದಲ್ಲಿ ಶಲ್‌ನ ಗತ್ತೇ ಬೇರೆ. ನಮ್ಮ ಸಂವಿಧಾನದ 1ನೇ ವಿಧಿಯಲ್ಲಿ 'ಇಂಡಿಯಾ, ದಟ್ ಈಸ್ ಭಾರತ್, ಶಲ್ ಬಿ ಎ ಯೂನಿಯನ್ ಆಫ್ ಸ್ಟೇಟ್ಸ್' ಅಂತಿದೆ. ಮುಂದೆ ಯಾವತ್ತೋ ಆಗಲಿದೆ ಅಂತ ಅದರ ಅರ್ಥವಲ್ಲ, ಹೀಗೇ ಇರತಕ್ಕದ್ದು ಅಂತ. ಸರ್ಕಾರಿ ನೋಟಿಸುಗಳಲ್ಲಿ ಓದುವ 'ಸಲ್ಲಿಸತಕ್ಕದ್ದು, ಪಾವತಿಸತಕ್ಕದ್ದು' ಇದೆಯಲ್ಲ, ಅದೇ ಶಲ್. ಹಾಗಾಗಿ ಬಾಡಿಗೆ ಕರಾರಿನಲ್ಲಿ 'ದ ಟೆನೆಂಟ್ ಶಲ್ ಪೇ' ಕಂಡರೆ ಮುಂದೆ ಯಾವಾಗಲಾದರೂ ಕೊಡುವುದು ಅಂತ ಓದಬೇಡಿ, ಕೊಡಲೇಬೇಕು. 'ಶಲ್ ನಾಟ್' ಅಂದರೆ ಮಾಡಲೇಬಾರದು.

ಕೆಲಸದ ಆಫರ್ ಲೆಟರ್ ಕೈಗೆ ಬಂದಾಗ ದಯವಿಟ್ಟು ಇದನ್ನು ಮಾಡಿ. ಪೆನ್ನು ಹಿಡಿದು ಶಲ್ ಇರುವ ಸಾಲುಗಳಿಗೆಲ್ಲ ಗೆರೆ ಎಳೆಯಿರಿ, ಕೆಲಸ ಬಿಡುವಾಗ ಎಷ್ಟು ದಿನ ಮುಂಚೆ ತಿಳಿಸಬೇಕು ಅನ್ನುವುದು ಸಾಮಾನ್ಯವಾಗಿ ಅಂಥ ಸಾಲಿನಲ್ಲೇ ಇರುತ್ತದೆ. ಮೇ ಇರುವ ಸಾಲುಗಳಿಗೆ ಸುತ್ತು ಹಾಕಿ. 'ದ ಕಂಪನಿ ಮೇ ಎಕ್ಸ್‌ಟೆಂಡ್ ದ ಪ್ರೊಬೇಷನ್' ಅಂದರೆ ಬರೀ ಊಹೆಯಲ್ಲ, ಪ್ರೊಬೇಷನ್, ಅಂದರೆ ಕೆಲಸ ಕಾಯಂ ಆಗುವ ಮುಂಚಿನ ಪರೀಕ್ಷೆಯ ಅವಧಿ, ಮುಂದುವರಿಸುವ ಅಧಿಕಾರ ಕಂಪನಿಯದು. ಎಷ್ಟು ತಿಂಗಳವರೆಗೆ ಮುಂದುವರಿಸಬಹುದು ಅಂತ ಸಹಿ ಹಾಕುವ ಮುಂಚೆಯೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.