ವೆಬ್ ಸ್ಕ್ರಿಪ್ಟ್ ಕಡತಕ್ಕೆ ಬರೆಯಲು ನಿರಾಕರಿಸಿದಾಗ

ವಿಜಯಪುರದ ಒಣದ್ರಾಕ್ಷಿ ವರ್ತಕರೊಬ್ಬರು ತಮ್ಮ ಜಾಲತಾಣದಲ್ಲಿ ದಿನದ ದರ ತುಂಬಿದಾಗ, ಲಿನಕ್ಸ್ ಸರ್ವರ್‌ನಲ್ಲಿರುವ ಪಿಎಚ್‌ಪಿ ಸ್ಕ್ರಿಪ್ಟ್ ಅದನ್ನು ದರಪಟ್ಟಿಯ ಕಡತದಲ್ಲಿ ಬರೆದಿಡಬೇಕಾಗಿದೆ ಎಂದುಕೊಳ್ಳೋಣ. ದರ ಬದಲಾಗುವುದಿಲ್ಲ, ಸರ್ವರ್‌ನ ಎರರ್ ಲಾಗ್‌ನಲ್ಲಿ ‘ಪರ್ಮಿಷನ್ ಡಿನೈಡ್’ (ಅನುಮತಿಯಿಲ್ಲ) ಎಂದಿರುತ್ತದೆ. ಅದೇ ಸ್ಕ್ರಿಪ್ಟನ್ನು ಟರ್ಮಿನಲ್‌ನಲ್ಲಿ ಓಡಿಸಿದರೆ ಮಾತ್ರ ಕೆಲಸ ಸುಸೂತ್ರವಾಗಿ ನಡೆಯುತ್ತದೆ, ಏಕೆಂದರೆ ಅಲ್ಲಿ ಬರೆಯುವವರು ನೀವು, ವೆಬ್‌ನಲ್ಲಿ ಬರೆಯುವುದು ಬೇರೊಂದು ಬಳಕೆದಾರ ಖಾತೆ.

ಆ ಖಾತೆ ಯಾವುದೆಂದು ಮೊದಲು ತಿಳಿಯಬೇಕು. ಉಬುಂಟು ಮತ್ತು ಡೆಬಿಯನ್ ಎಂಬ ಲಿನಕ್ಸ್ ಬಗೆಗಳಲ್ಲಿ ಅದು ಸಾಮಾನ್ಯವಾಗಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’, ರೆಡ್ ಹ್ಯಾಟ್ ಬಳಗದಲ್ಲಿ ‘ಅಪಾಚೆ’. ಪಿಎಚ್‌ಪಿಯನ್ನು ಪ್ರತ್ಯೇಕ ಸೇವೆಯಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಇದ್ದರೆ ಅದರ ಪೂಲ್ ಸಂರಚನೆಯಲ್ಲಿ ಬರೆದಿರುವ ಹೆಸರೇ ಅಂತಿಮ. ಬಳಿಕ, ಬೇರೊಂದು ಖಾತೆಯ ಪರವಾಗಿ ಆದೇಶ ಓಡಿಸುವ ‘ಸುಡೊ’ ಮೂಲಕ ಅದೇ ಖಾತೆಯ ಹೆಸರಿನಲ್ಲಿ, ದರಪಟ್ಟಿಯ ಫೋಲ್ಡರಿನಲ್ಲಿ ‘ಟಚ್’ ಆದೇಶದಿಂದ ಖಾಲಿ ಕಡತವೊಂದನ್ನು ರಚಿಸಿ ನೋಡಿ.

ರಚನೆಯಾಗದಿದ್ದರೆ ದೋಷ ಫೋಲ್ಡರಿನಲ್ಲಿದೆ. ಹೊಸ ಕಡತ ಹುಟ್ಟಲು ಫೋಲ್ಡರಿಗೆ ಬರೆಯುವ ಅನುಮತಿಯೂ ಪ್ರವೇಶದ ಅನುಮತಿಯೂ ಬೇಕು. ಅಷ್ಟೇ ಅಲ್ಲ, ಮೂಲದಿಂದ ಅಲ್ಲಿಯವರೆಗಿನ ಪ್ರತಿಯೊಂದು ಮೇಲಿನ ಫೋಲ್ಡರಿನಲ್ಲೂ ಪ್ರವೇಶ ದೊರೆಯಬೇಕು. ಉಬುಂಟು 21.04ರಿಂದೀಚೆಗೆ ಹೊಸ ಬಳಕೆದಾರರ ಹೋಮ್ ಫೋಲ್ಡರಿಗೆ 750 ಅನುಮತಿಯಿರುವುದರಿಂದ (ಒಡೆಯನಿಗೆ ಎಲ್ಲವೂ, ಗುಂಪಿಗೆ ಓದು ಮತ್ತು ಪ್ರವೇಶ, ಇತರರಿಗೆ ಏನೂ ಇಲ್ಲ), ಜಾಲತಾಣವನ್ನು ಅದರೊಳಗೆ ಇಟ್ಟವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಹಾದಿಯ ಪ್ರತಿ ಮೆಟ್ಟಿಲಿನ ಒಡೆಯನನ್ನೂ ಅನುಮತಿಯನ್ನೂ ‘ನೇಮ್‌ಐ’ ಆದೇಶವು ‘-ಎಲ್’ ಆಯ್ಕೆಯೊಂದಿಗೆ ಒಟ್ಟಿಗೆ ತೋರಿಸುತ್ತದೆ. ಇದು ಸಿಗಬೇಕಾದಷ್ಟು ಪ್ರಸಿದ್ಧಿ ಸಿಗದ ಸಾಧನ.

ಖಾಲಿ ಕಡತ ಹುಟ್ಟಿಯೂ ದರಪಟ್ಟಿ ಬದಲಾಗದಿದ್ದರೆ, ಆ ಕಡತದ ಒಡೆತನವನ್ನೇ ನೋಡಿ: ರಾತ್ರಿ ರೂಟ್ (ಸರ್ವಾಧಿಕಾರದ ಖಾತೆ) ಹೆಸರಿನಲ್ಲಿ ನಡೆಯುವ ಕ್ರಾನ್ ಕೆಲಸವು (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸ) ಅದನ್ನು ಮೊದಲು ರಚಿಸಿದ್ದರೆ, ಒಡೆಯ ಮಾತ್ರ ಬರೆಯಬಹುದಾದ 644 ಅನುಮತಿಯ ಆ ಕಡತವನ್ನು ವೆಬ್ ಖಾತೆ ಓದಬಹುದೇ ಹೊರತು ತಿದ್ದಲಾರದು. ಕ್ರಾನ್ ಕೆಲಸವನ್ನೂ ವೆಬ್ ಖಾತೆಯ ಹೆಸರಿನಲ್ಲೇ ನಡೆಸುವುದು ನೇರವಾದ ಪರಿಹಾರ.

ಎಲ್ಲದಕ್ಕೂ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡುವ ರೂಢಿ ಬೇಡ. ಯಂತ್ರದ ಮೇಲಿನ ಯಾವ ಖಾತೆಯಾದರೂ ಆಗ ದರ ತಿದ್ದಬಹುದು. ದತ್ತಾಂಶದ ಫೋಲ್ಡರನ್ನು ವೆಬ್ ರೂಟ್‌ನ (ಬ್ರೌಸರಿಗೆ ತೆರೆದಿರುವ ಫೋಲ್ಡರ್) ಹೊರಗಿಟ್ಟು, ಅದರ ಗುಂಪನ್ನು ವೆಬ್ ಖಾತೆಯ ಗುಂಪಿಗೆ ಬದಲಿಸಿ 2775 ಕೊಟ್ಟರೆ ಸಾಕು. ಮೊದಲಿನ 2ರಿಂದಾಗಿ ಒಳಗೆ ಹುಟ್ಟುವ ಕಡತಗಳಿಗೂ ಅದೇ ಗುಂಪು ಬರುತ್ತದೆ, ಆದರೆ ಗುಂಪಿಗೆ ಬರೆಯುವ ಅನುಮತಿ ಸಿಗುವುದು ಹೊಸ ಕಡತದಿಂದ ಯಾವ ಅನುಮತಿ ಕಳೆಯಬೇಕೆಂದು ಹೇಳುವ ಯುಮಾಸ್ಕ್ 002 ಇದ್ದಾಗ.

ಟಚ್ ಪರೀಕ್ಷೆ ಗೆದ್ದು, ಒಡೆತನವೂ ಸರಿಯಿದ್ದು, ರೆಡ್ ಹ್ಯಾಟ್ ಬಳಗದ ಸರ್ವರಿನಲ್ಲಿ ವೆಬ್ ಮಾತ್ರ ಸೋಲುತ್ತಿದ್ದರೆ ಎಸ್‌ಇಲಿನಕ್ಸ್ (ಸಾಮಾನ್ಯ ಅನುಮತಿಗಳ ಮೇಲಿನ ಹೆಚ್ಚುವರಿ ಭದ್ರತಾ ಪದರ) ತಡೆಯುತ್ತಿರಬಹುದು. ಅದನ್ನು ನಿಷ್ಕ್ರಿಯಗೊಳಿಸದೆ, ‘ಸೆಮ್ಯಾನೇಜ್’ನಿಂದ ಆ ಫೋಲ್ಡರಿಗೆ ವೆಬ್ ಸರ್ವರ್ ಬರೆಯಬಹುದಾದ ಲೇಬಲ್ ನಮೂದಿಸಿ, ಅದನ್ನು ಅನ್ವಯಿಸಲು ‘ರಿಸ್ಟೋರ್‌ಕಾನ್’ ಓಡಿಸಿ.